ಇಲಿ, ಕೇರೆ ಹಾವು, ಚಿಗರಿ: ನಮ್ಮ ಕವಿತೆಗಳಲ್ಲಿ ಇವುಗಳ ಮೇಲೆ ಕರುಣೆ ಇದೆಯಾ?

ಮಾಳಮಡ್ಡಿ ಓದುಗ

ನಮ್ಮ ಓದುವ ಗುಂಪಿನಲ್ಲಿ ಈ ಸಲ ಪ್ರಕೃತಿ ಕವಿತೆ ಓದುತ್ತಿದ್ದೇವೆ. ಯಾರ ತಂಟೆಗೂ ಬಾರದ ಕಾಡುಜೀವಿಗಳನ್ನು ಕವಿಗಳು ಹೇಗೆ ಕಂಡಿದ್ದಾರೆ ಅಂತ ನೋಡೋಣ ಎಂದು ಶುರುವಾಯಿತು. ಧಾರವಾಡದಲ್ಲಿ ಕೂತು ಈ ಮಾತು ಎತ್ತಿದರೆ ಮೊದಲು ಬಾಯಿಗೆ ಬರುವುದು ಬೇಂದ್ರೆ, ಅಲ್ವಾ? 'ಹಕ್ಕಿ ಹಾರುತಿದೆ ನೋಡಿದಿರಾ' ಅಂದ ಕೂಡಲೇ ಎಲ್ಲರೂ ತಲೆದೂಗಿದರು. ಆದರೆ ಆ ಹಕ್ಕಿ ಕಾಲ. ಅದಕ್ಕೆ ಕಾಳು ಹಾಕಲೂ ಆಗದು, ಕಲ್ಲು ಬೀರಲೂ ಆಗದು. ಕುವೆಂಪು ಅವರ ಹಕ್ಕಿಸಾಲು ದೇವರ ರುಜು. ಪಂಪನ ಮರಿದುಂಬಿ, ಕೋಗಿಲೆ ಎರಡೂ ಬನವಾಸಿಯ ಮೇಲಿನ ಆಸೆ.

ನನ್ನ ತಕರಾರು ಇಷ್ಟೇ. ನಮ್ಮ ಕಾವ್ಯದ ತುಂಬ ಹಕ್ಕಿ, ಜಿಂಕೆ, ದುಂಬಿ ಇವೆ. ಆದರೆ ಅವು ಯಾವಾಗಲೂ ಬೇರೆ ಏನನ್ನೋ ಹೇಳಲು ಬಂದಿರುತ್ತವೆ. ಒಂದು ಇಲಿ ಬರೀ ಇಲಿಯಾಗಿ, ಒಂದು ಓತಿಕ್ಯಾತ ಬರೀ ಓತಿಕ್ಯಾತವಾಗಿ ಬಂದು, ಕವಿ ಅದಕ್ಕೆ 'ಹೋಗು, ಬದುಕಿಕೋ' ಅಂದಿರುವ ಕವಿತೆ ಇದ್ದರೆ ಹೇಳಿ. ದೊಡ್ಡ ಹೆಸರೇ ಬೇಕಂತಿಲ್ಲ. ಹಾಡು, ಕಥೆ ಏನಾದರೂ ಸರಿ.

ಕಲಘಟಗಿ ಅಕ್ಕ

ತಮ್ಮಾ, ಬೇಂದ್ರೆಯವರನ್ನು ಒಂದೇ ಹಕ್ಕಿಗೆ ಕಟ್ಟಿಹಾಕಬೇಡ. 'ಪಾತರಗಿತ್ತಿ ಪಕ್ಕ' ಯಾವ ತತ್ವವನ್ನು ಹೊತ್ತಿದೆ ಹೇಳು? ಹಸಿರು, ಅರಿಸಿನ, ಕುಂಕುಮ, ಕಾಡಿಗೆ ಅಂತ ರೆಕ್ಕೆ ಮೇಲಿನ ಒಂದೊಂದೇ ಬಣ್ಣ ಎಣಿಸುತ್ತಾ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವುದೆಲ್ಲ ಆ ಹುಳದ ಮೈಮೇಲೆ ಕಾಣುತ್ತದೆ. ಶಾಲೆಯಲ್ಲಿ ಈ ಪದ್ಯ ಕಲಿಸುವಾಗ ನೋಡಿದ್ದೇನೆ. ಪದ್ಯ ಬಾಯಿಪಾಠವಾದ ಮೇಲೆ ಹುಡುಗರು ಪಾತರಗಿತ್ತಿಯ ರೆಕ್ಕೆ ಹಿಡಿದು ನಿಲ್ಲುವುದು ಕಡಿಮೆ, ಹತ್ತಿರ ಕೂತು ಬಣ್ಣ ಎಣಿಸುವುದು ಜಾಸ್ತಿ. ಕರುಣೆ ಅನ್ನುವ ಮಾತೇ ಆ ಪದ್ಯದಲ್ಲಿಲ್ಲ. ಬೇಕಾಗಿಯೂ ಇಲ್ಲ.

ಅಕ್ಕಮಹಾದೇವಿಯನ್ನೂ ಮರೆಯಬೇಡ. ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲು ಒಂದೊಂದನ್ನೂ ಕರೆದು 'ನೀವು ಕಾಣಿರೇ' ಅಂತ ಕೇಳುತ್ತಾಳೆ. ನಾವು ಕರುಣೆ ತೋರಿಸುತ್ತೇವೆ ಅನ್ನುವಾಗ ಮೇಲೆ ನಿಂತು ಕೈ ಚಾಚುತ್ತೇವೆ. ಅಕ್ಕ ಕೆಳಗೆ ನಿಂತು ಕೇಳುತ್ತಿದ್ದಾಳೆ. ದಾರಿ ಗೊತ್ತಿರುವುದು ನವಿಲಿಗೆ, ಅವಳಿಗಲ್ಲ.

ಮಾಳಮಡ್ಡಿ ಓದುಗ

ಒಪ್ಪಿದೆ ಅಕ್ಕಾ, ಪಾತರಗಿತ್ತಿಗೆ ಪೂರ್ತಿ ಅಂಕ. ಆದರೆ ಮಹಾದೇವಿಯಕ್ಕ ಹುಡುಕುತ್ತಿರುವುದು ಚೆನ್ನಮಲ್ಲಿಕಾರ್ಜುನನನ್ನು. ನವಿಲಿಗೆ ಕಾಲು ನೋಯುತ್ತಿದ್ದರೂ ಆಗ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಗಿನೆಲೆಯ ಕನಕದಾಸರದೂ ಹಾಗೇ. 'ತಲ್ಲಣಿಸದಿರು ಕಂಡ್ಯ' ಹಾಡಿನಲ್ಲಿ ಕಲ್ಲಿನೊಳಗಿನ ಕಪ್ಪೆ ಬರುತ್ತದೆ, ಅಡವಿಯ ಮೃಗ, ಪಕ್ಷಿ ಬರುತ್ತವೆ. ಅಲ್ಲಿ ಅವುಗಳಿಗೆ ಊಟ ಹಾಕುವವನು ದೇವರು. ನಮಗೆ ಏನೂ ಕೆಲಸ ಇಲ್ಲ.

ನಿವೃತ್ತ ಮಾಸ್ತರ

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವನು. ಸ್ವಲ್ಪ ಆ ಕಡೆಯ ಮಾತು ತರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕೇಳುತ್ತಿರುವ ಬಗೆಯ ಎರಡು ಕವಿತೆ 1785ರಲ್ಲೇ ಸಿಗುತ್ತವೆ. ಎರಡೂ ಒಂದಕ್ಕೊಂದು ಪೂರ್ತಿ ಬೇರೆ.

ಒಂದು ವಿಲಿಯಂ ಕೂಪರ್ ಬರೆದ 'ದಿ ಟಾಸ್ಕ್'. ಆ ವರ್ಷವೇ ಅಚ್ಚಾಯಿತು. ಮನೆಯಲ್ಲಿ ಮೂರು ಮೊಲ ಸಾಕಿಕೊಂಡಿದ್ದ ಮನುಷ್ಯ ಅವನು. ಮನೋರೋಗದಿಂದ ನರಳುತ್ತಿದ್ದವನಿಗೆ ಆ ಮೊಲಗಳೇ ಆಸರೆ. ಆ ದೀರ್ಘ ಕವಿತೆಯ ಆರನೇ ಭಾಗದಲ್ಲಿ ಹೇಳುತ್ತಾನೆ: ಎಷ್ಟೇ ಸಂಭಾವಿತನಾಗಿರಲಿ, ಸುಮ್ನೆ ಒಂದು ಹುಳವನ್ನು ತುಳಿಯುವವನನ್ನು ನಾನು ಗೆಳೆಯರ ಸಾಲಿಗೆ ಸೇರಿಸಲಾರೆ. ಸಂಜೆ ದಾರಿಗೆ ಅಡ್ಡ ಬಂದ ಬಸವನಹುಳುವನ್ನು ಕಂಡರೆ ಒಳ್ಳೆಯವನು ಪಕ್ಕಕ್ಕೆ ಹೆಜ್ಜೆ ಇಡುತ್ತಾನೆ. ಅಲ್ಲಿಂದ ಮುಂದೆ ಕೂಪರ್ ವಕೀಲನಾಗುತ್ತಾನೆ. ಆ ಜೀವಿ ನಿಮ್ಮ ಮಲಗುವ ಕೋಣೆಗೋ ಊಟದ ಕೋಣೆಗೋ ನುಗ್ಗಿದರೆ ಕೊಲ್ಲಬಹುದು, ದೋಷವಿಲ್ಲ. ತನ್ನ ಜಾಗದಲ್ಲಿ, ಬಯಲಲ್ಲಿ, ಯಾರಿಗೂ ತೊಂದರೆ ಕೊಡದೆ ಇದ್ದರೆ ಮುಟ್ಟಿದವನು ತಪ್ಪಿತಸ್ಥ. ಮನುಷ್ಯನ ಅನುಕೂಲ, ಆರೋಗ್ಯ, ಸುರಕ್ಷತೆ ಅಡ್ಡ ಬಂದರೆ ಮನುಷ್ಯನದೇ ಮೇಲುಗೈ.

ಇನ್ನೊಂದು ರಾಬರ್ಟ್ ಬರ್ನ್ಸ್ ಬರೆದದ್ದು. ಸ್ಕಾಟ್ಲೆಂಡಿನ ಗೇಣಿ ರೈತ. 1785ರ ನವೆಂಬರಿನಲ್ಲಿ ಹೊಲ ಉಳುವಾಗ ನೇಗಿಲಿಗೆ ಒಂದು ಇಲಿಗೂಡು ಸಿಕ್ಕಿ ಕಿತ್ತುಹೋಗುತ್ತದೆ. ಕವಿತೆಯ ಶೀರ್ಷಿಕೆಯಲ್ಲೇ ಇಷ್ಟೂ ಇದೆ. ಚಳಿಗಾಲ ಬಾಗಿಲಲ್ಲಿದೆ. ಇಲಿ ಕೂಳೆ, ಒಣ ಎಲೆ ಕಡಿದು ಕಡಿದು ಕಟ್ಟಿಕೊಂಡ ಮನೆ ಹೋಯಿತು. ಬರ್ನ್ಸ್ ಇಲಿಗೆ ನೇರವಾಗಿ ಹೇಳುತ್ತಾನೆ: ನೀನು ಕದಿಯುತ್ತೀ, ನನಗೆ ಗೊತ್ತು. ಅದಕ್ಕೇನಾಯಿತು, ನೀನೂ ಬದುಕಬೇಕಲ್ಲ. ಇಪ್ಪತ್ನಾಲ್ಕು ಸಿವುಡಿಗೆ ಎಲ್ಲೋ ಒಂದು ತೆನೆ ಕೇಳುತ್ತೀ, ಅದೇನು ದೊಡ್ಡದಲ್ಲ. ಉಳಿದದ್ದರಲ್ಲಿ ನನಗೆ ಬರಕತ್ತು ಇರುತ್ತದೆ.

ಗಮನಿಸಿ. ಕೂಪರನ ಹುಳು ನಿರಪರಾಧಿ. ಬರ್ನ್ಸನ ಇಲಿ ಕಳ್ಳ. ಕಳ್ಳನ ಮೇಲೆ ಬಂದ ಕರುಣೆಗೇ ನನ್ನ ಮಟ್ಟಿಗೆ ತೂಕ ಜಾಸ್ತಿ.

ಉಣಕಲ್ ಉರಗ

ಮಾಸ್ತರ್ ಸರ್, ಕೂಪರ್ ಹೇಳಿದ್ದನ್ನು ನಾನು ಮಳೆಗಾಲದಲ್ಲಿ ದಿನಾ ಫೋನಿನಲ್ಲಿ ಕೇಳುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೆ ಬಂದ ಹಾವು ಹಿಡಿದು ದೂರ ಬಿಟ್ಟುಬರುವುದು ನನ್ನ ಹವ್ಯಾಸ. 'ನಾವೇನೂ ಹಾವಿನ ವಿರೋಧಿಗಳಲ್ಲ ರೀ, ಆದರೆ ಇದು ಮನೆಯೊಳಗೆ ಬಂದಿದೆ' ಅನ್ನುತ್ತಾರೆ. ಹೋಗಿ ನೋಡಿದರೆ ಆ ಲೇಔಟ್ ಮೊನ್ನೆ ಮೊನ್ನೆಯವರೆಗೆ ಹೊಲ. ಬದುವಿನ ಬಿಲವೆಲ್ಲ ಮುಚ್ಚಿ ಕಾಂಕ್ರೀಟ್ ಹಾಕಿದ್ದಾರೆ. ಯಾರು ಯಾರ ಮನೆಗೆ ನುಗ್ಗಿದ್ದು ಅಂತ ಆ ಕವಿಯನ್ನು ಕೇಳಬೇಕಿತ್ತು.

ಕರೆ ಬಂದದ್ದರಲ್ಲಿ ಹೆಚ್ಚಿನವು ಕೇರೆ ಹಾವು. ವಿಷ ಇಲ್ಲ. ಕಣ್ಣು ದೊಡ್ಡದು, ಗುಡ್ಡೆ ದುಂಡಗೆ. ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆ ಎಳೆದಿರುತ್ತದೆ. ಮೂಲೆಗೆ ಸಿಕ್ಕಿಕೊಂಡರೆ ಕತ್ತು ಉಬ್ಬಿಸಿ ಗುರ್ ಎನ್ನುತ್ತದೆ. ಆ ಸದ್ದಿಗೇ ಜನ ಬಡಿಗೆ ಎತ್ತುತ್ತಾರೆ. ಹಗಲು ಓಡಾಡುವ ಹಾವು, ಹಾಗಾಗಿ ಕಣ್ಣಿಗೆ ಬೀಳುವುದೂ ಇದೇ, ಏಟು ತಿನ್ನುವುದೂ ಇದೇ. ಆಕಳ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅನ್ನುವ ಅಪವಾದ ಬೇರೆ. ನಾಗರ ಮತ್ತು ಕೇರೆ ಕೂಡುತ್ತವೆ ಅಂತ ಪಂಚೆ ಹಾಸಲು ಓಡುತ್ತಾರಲ್ಲ, ಅದು ಹೆಚ್ಚಿನ ಸಲ ಎರಡು ಗಂಡು ಕೇರೆಗಳ ಜಗಳ.

ಹಾವುರಾಣಿಯ ಪಾಡು ಇನ್ನೂ ಕಷ್ಟ. ಅದು ಹಲ್ಲಿ ಜಾತಿ, ವಿಷ ಇಲ್ಲವೇ ಇಲ್ಲ. ಕಚ್ಚಿದರೆ ಸತ್ತೇ ಹೋಗುತ್ತಾರೆ ಅಂತ ನಂಬಿ ಚಪ್ಪಲಿಯಲ್ಲಿ ಹೊಡೆಯುತ್ತಾರೆ. ಮಣ್ಣುಮುಕ್ಕ ಹಾವನ್ನು ಎರಡು ತಲೆ ಹಾವು ಅಂತ ಹಿಡಿದು ಮಾರುತ್ತಾರೆ, ಅದೃಷ್ಟ ತರುತ್ತದಂತೆ. ಇವುಗಳ ಮೇಲೆ ಯಾರಾದರೂ ಪದ್ಯ ಬರೆದಿದ್ದರೆ ದಯವಿಟ್ಟು ಕಳಿಸಿ. ಶಾಲೆಗಳಿಗೆ ಹೋದಾಗ ಓದಿಸುತ್ತೇನೆ. ನನ್ನ ಭಾಷಣ ಕೇಳಿ ಹುಡುಗರಿಗೆ ಸಾಕಾಗಿದೆ.

ಮಾಳಮಡ್ಡಿ ಓದುಗ

ಕೇರೆ ಹಾವಿನ ಪದ್ಯ ಸಿಗುವುದು ಕಷ್ಟ ಅಣ್ಣಾ. ನಾಗರಕ್ಕಾದರೆ ಪಂಜೆಯವರಿದ್ದಾರೆ. ಹೆಡೆ ಇದ್ದವರಿಗೇ ಹಾಡು, ನಮ್ಮಲ್ಲಿ ಮೊದಲಿನಿಂದಲೂ ಹೀಗೇ.

ಎರೆಹೊಲ

ಎಲ್ಲರದೂ ಓದಿದೆ. ನಾನು ಮುಂಡರಗಿ ಕಡೆಯ ರೈತ. ಓದಿದ್ದು ಪಿಯುಸಿ. ಆದರೆ ಆ ಇಲಿ ಪದ್ಯ ಬರೆದವನು ರೈತ ಅಂತ ಮಾಸ್ತರ್ ಹೇಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಇಪ್ಪತ್ನಾಲ್ಕು ಸಿವುಡಿಗೆ ಒಂದು ತೆನೆ ಅಂತ ಲೆಕ್ಕ ಹಿಡಿದು ಬಿಟ್ಟುಕೊಡುವವನು ರೈತನೇ. ಪೇಟೆಯವನಾಗಿದ್ದರೆ 'ಎಲ್ಲ ನಿನ್ನದೇ, ತಿನ್ನು' ಅಂತ ಬರೆಯುತ್ತಿದ್ದ. ಅವನ ಗಂಟೇನು ಹೋಗುತ್ತದೆ?

ನಮ್ಮಲ್ಲೂ ಇದು ಇತ್ತು. ಹೆಸರಿನ ಹೊಲದಲ್ಲಿ ಕಸ (ಕಳೆ) ತೆಗೆಯಲು ಎಡೆ ಹೊಡೆಯುವಾಗ ಟಿಟ್ಟಿಭ ಹಕ್ಕಿಯ ತತ್ತಿ ಸಿಗುತ್ತವೆ. ಗೂಡು ಗೀಡು ಏನೂ ಇಲ್ಲ. ಬರೀ ನೆಲದ ಮೇಲೆ, ಹೆಂಟೆಗಳ ನಡುವೆ, ಹೆಚ್ಚಾಗಿ ನಾಲ್ಕು. ಬಣ್ಣವೂ ಮಣ್ಣಿನದೇ, ಮೇಲೆ ಕಪ್ಪು ಚುಕ್ಕೆ. ಚೂಪು ತುದಿ ಎಲ್ಲವೂ ಒಳಗಡೆಗೆ. ಎರಡು ಮಾರು ದೂರದಿಂದ ಕಾಣುವುದೇ ಇಲ್ಲ. ಆದರೆ ಹಕ್ಕಿ ತಲೆ ಮೇಲೆ ಹಾರಾಡಿ ಚೀರುತ್ತದಲ್ಲ, ಆಗ ಅಪ್ಪ ಎತ್ತು ನಿಲ್ಲಿಸಿ ಹುಡುಕುತ್ತಿದ್ದರು. ಕುಂಟೆ ಎತ್ತಿ ಆಚೆ ಇಟ್ಟು ಮುಂದೆ ಹೋಗುತ್ತಿದ್ದರು. ಅಷ್ಟು ಜಾಗದಲ್ಲಿ ಕಸ ಉಳಿಯುತ್ತಿತ್ತು. ಊರಲ್ಲಿ ಯಾರೂ ಅದನ್ನು ದೊಡ್ಡ ಧರ್ಮ ಅಂತ ಹೇಳಿಕೊಳ್ಳುತ್ತಿರಲಿಲ್ಲ.

ಈಗ ನಾನು ಟ್ರ್ಯಾಕ್ಟರ್ ಹೊಡೆಸುತ್ತೇನೆ. ಎತ್ತಿನ ಹಿಂದೆ ನಡೆಯುವವನಿಗೆ ನೆಲ ಕಾಣುತ್ತದೆ. ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಹಿಂದಿನ ರೋಟವೇಟರ್ ಏನು ಅರೆಯಿತು ಅಂತ ಕಾಣುವುದಿಲ್ಲ. ಹಕ್ಕಿ ಚೀರಿದ್ದು ಇಂಜಿನ್ ಸದ್ದಿನಲ್ಲಿ ಕೇಳುವುದೂ ಇಲ್ಲ. ಮನಸ್ಸು ಕಲ್ಲಾಯಿತು ಅಂತ ಬೈಯುತ್ತೀರಿ, ಬೈಯಿರಿ. ಕೂತ ಜಾಗ ಎತ್ತರವಾಗಿದೆ, ಅಷ್ಟೇ.

ಇನ್ನು ಚಿಗರಿ, ಅಂದರೆ ಕೃಷ್ಣಮೃಗ. ಗೋವಿನಜೋಳ ಗೇಣುದ್ದ ಬಂದಾಗ ಹಿಂಡು ಇಳಿಯಿತು ಅಂದರೆ ತಿನ್ನುವುದಕ್ಕಿಂತ ತುಳಿದು ಹಾಳಾಗುವುದೇ ಜಾಸ್ತಿ. ಪರಿಹಾರಕ್ಕೆ ಅರ್ಜಿ ಹಾಕಿ ಓಡಾಡಿದ್ದೂ ಆಯಿತು. ಬಸ್ಸಿನ ಖರ್ಚು ಕಳೆದರೆ ಅದರಲ್ಲಿ ಏನೂ ಉಳಿಯಲಿಲ್ಲ. 'ನಿರುಪದ್ರವಿ ಜೀವಿ' ಅಂತ ಬರೆಯುವವರು ಯಾರಿಗೆ ನಿರುಪದ್ರವಿ ಅಂತಲೂ ಬರೆಯಬೇಕು. ಇಷ್ಟಾದರೂ ನಮ್ಮೂರಲ್ಲಿ ಯಾರೂ ಚಿಗರಿಗೆ ವಿಷ ಇಟ್ಟಿಲ್ಲ. ರಾತ್ರಿ ಡಬ್ಬಿ ಬಡಿದು ಓಡಿಸುತ್ತೇವೆ.

ರಾಣೆಬೆನ್ನೂರು ಹುಡುಗಿ

ಎರೆಹೊಲ ಅಣ್ಣಾ, ನಾನೂ ರೈತನ ಮಗಳೇ. ನಮ್ಮೂರಿನ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯ ಇದೆ. 1974ರಲ್ಲಿ ಆಗಿದ್ದು, 119 ಚದರ ಕಿಲೋಮೀಟರ್. ಹೆಸರು ಕೇಳಿ ದೊಡ್ಡ ಕಾಡು ಅಂದುಕೊಂಡು ಬಂದವರು ನೀಲಗಿರಿ ತೋಪು ನೋಡಿ ಪೆಚ್ಚಾಗುತ್ತಾರೆ. ಚಿಗರಿಗೆ ಬೇಕಿದ್ದದ್ದು ಬಯಲು ಹುಲ್ಲುಗಾವಲು. ಓಡಿಯೇ ಜೀವ ಉಳಿಸಿಕೊಳ್ಳುವ ಪ್ರಾಣಿ ಅದು, ದೂರದವರೆಗೆ ಕಾಣಬೇಕು. ನಾವು ಹುಲ್ಲಿನ ಜಾಗದಲ್ಲಿ ನೀಲಗಿರಿ ನೆಟ್ಟೆವು. ಹುಲ್ಲು ಇಲ್ಲದಿದ್ದರೆ ಗೋವಿನಜೋಳಕ್ಕೆ ಬಾರದೆ ಇನ್ನೆಲ್ಲಿಗೆ ಹೋಗಬೇಕು? ಅಲ್ಲೇ ಎರೆಭೂತ ಅನ್ನುವ ದೊಡ್ಡ ಹಕ್ಕಿಯೂ ಇತ್ತು. ಅಜ್ಜ ನೋಡಿದ್ದರು, ನಾನು ಪುಸ್ತಕದಲ್ಲಿ ನೋಡಿದ್ದೇನೆ.

ಹುಬ್ಬಳ್ಳಿ-ಧಾರವಾಡದವರು ದಿನಾ ಚಿಗರಿ ಹತ್ತಿ ಆಫೀಸಿಗೆ ಹೋಗುತ್ತಾರೆ. ಬಸ್ಸಿಗೆ ಆ ಹೆಸರು ಇಟ್ಟವರ ಜಾಣತನ ಮೆಚ್ಚಬೇಕು, ಓಟದ ಪ್ರಾಣಿ. ಆದರೆ ಬಸ್ಸಲ್ಲಿ ಕೂತವರಲ್ಲಿ ಎಷ್ಟು ಜನ ನಿಜವಾದ ಚಿಗರಿ ನೋಡಿದ್ದಾರೋ.

ಮಾಗಡಿ ಕೆರೆಯದು ಬೇರೆ ಕಥೆ. ಗದಗ ಜಿಲ್ಲೆಯ ಆ ಸಣ್ಣ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನವೆಂಬರ್ ಹೊತ್ತಿಗೆ ಬಂದರೆ ಮಾರ್ಚ್ ಹೊತ್ತಿಗೆ ವಾಪಸ್. ಕೆರೆಯಲ್ಲಿ ಬರೀ ವಿಶ್ರಾಂತಿ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಆ ರೈತರ ಹೊಲದ ಊಟ ತಿಂದೇ ಅವು ಟಿಬೆಟ್, ಮಂಗೋಲಿಯಾ ಕಡೆ ಹಾರುತ್ತವೆ. 2024ರಲ್ಲಿ ಕೆರೆಗೆ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ನಾನು ಹೋದಾಗ ಬದುವಿನ ಮೇಲೆ ಕೂತ ಅಜ್ಜಿಯೊಬ್ಬರನ್ನು ಮಾತಾಡಿಸಿದೆ. 'ಅಷ್ಟು ದೂರದಿಂದ ಬಂದಾವ, ಉಣ್ಣಲಿ ಬಿಡು' ಅಂದರು. ನನಗೆ ಬರ್ನ್ಸ್ ಗೊತ್ತಿರಲಿಲ್ಲ, ಇವತ್ತು ಮಾಸ್ತರ್ ಸರ್ ಬರೆದದ್ದು ಓದುವಾಗ ಆ ಅಜ್ಜಿ ನೆನಪಾದರು.

ಕಲಘಟಗಿ ಅಕ್ಕ

ನೇಗಿಲಿನ ಮಾತು ಬಂತಲ್ಲ, ನಾಗರಪಂಚಮಿ ಯಾರಿಗೂ ಹೊಳೆಯಲಿಲ್ಲವಾ? ಉಂಡಿ, ಅಳ್ಳು, ಜೋಕಾಲಿ ಅಷ್ಟೇ ನೆನಪಿರುತ್ತದೆ ನಿಮಗೆ. ಆ ದಿನ ಗಳೆ ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಒಲೆಗೆ ಹಂಚು ಏರುವುದಿಲ್ಲ. ಅದಕ್ಕೊಂದು ಕಥೆ ಇದೆ. ಒಬ್ಬ ರೈತ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿ ಹಾವಿನ ಮರಿಗಳು ಸತ್ತವು. ತಾಯಿ ಹಾವು ಬಂತು. ನೇಗಿಲ ತುದಿಗೆ ರಕ್ತ ಕಂಡಿತು. ರಾತ್ರಿ ಮನೆಯವರನ್ನೆಲ್ಲ ಕಚ್ಚಿತು. ಕೊಟ್ಟ ಊರಿನಲ್ಲಿದ್ದ ಮಗಳನ್ನೂ ಬಿಡಬಾರದು ಅಂತ ಹುಡುಕಿಕೊಂಡು ಹೋಯಿತು. ಆ ಮಗಳು ಅಲ್ಲಿ ಹಾವಿನ ಚಿತ್ರ ಬರೆದು ಹಾಲು ಇಟ್ಟು ಕೈಮುಗಿದು ಕೂತಿದ್ದಳು. ತಾಯಿಯ ಸಿಟ್ಟು ಇಳಿಯಿತು. ತೌರಿನವರ ಜೀವ ವಾಪಸ್ ಬಂತು.

ಬರ್ನ್ಸ್ ಇಲಿಯ ಹತ್ತಿರ ಮಾತಾಡಿ ಸುಮ್ಮನಾದ. ಇಲ್ಲಿ ಮರಿ ಕಳೆದುಕೊಂಡ ತಾಯಿ ಮನೆ ಬಾಗಿಲಿಗೇ ಬರುತ್ತಾಳೆ, ಲೆಕ್ಕ ಕೇಳುತ್ತಾಳೆ. ಈ ಕಥೆ ಕಟ್ಟಿದವರಿಗೆ ಹೊಲ ಗೊತ್ತಿತ್ತು. ಶ್ರಾವಣದ ಹೊತ್ತಿಗೆ ಹಾವಿನ ಮರಿ ಹೊರಗೆ ಬಂದಿರುತ್ತವೆ, ಮಳೆಗೆ ಬಿಲದಲ್ಲಿ ನೀರು ನಿಂತಿರುತ್ತದೆ. ಉಣಕಲ್ ತಮ್ಮನೇ ಹೇಳಲಿ.

ಉಣಕಲ್ ಉರಗ

ಹೌದು ಅಕ್ಕಾರ, ನಮಗೆ ಬಿಡುವಿಲ್ಲದ ಕಾಲ ಅದೇ. ಆದರೆ ಒಂದು ಮಾತು. ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ. ಹುತ್ತಕ್ಕೆ ಹಾಲು ಎರೆದರೆ ಒಳಗಿದ್ದವಕ್ಕೆ ತೊಂದರೆ. ಚಿತ್ರ ಬರೆದು ಪೂಜೆ ಮಾಡಿದಳಲ್ಲ ಆ ಮಗಳು, ಅದೇ ಸರಿ. ಹಾಲನ್ನು ಮನೆ ಮಕ್ಕಳು ಕುಡಿಯಲಿ.

ಹಳೇ ಹುಬ್ಬಳ್ಳಿ

ಹಾಲಿನ ಮಾತು ಬಸವಣ್ಣ ಆಗಲೇ ಹೇಳಿ ಮುಗಿಸಿದ್ದಾರೆ. 'ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ.' ಆದರೆ ನೀವೆಲ್ಲ ಇದನ್ನು ಹಾವಿನ ಪರ ವಚನ ಅಂತ ಹಂಚುತ್ತೀರಿ, ಅಲ್ಲೇ ನನ್ನ ಜಗಳ. ಮುಂದಿನ ಸಾಲು ಓದಿ. ಉಣ್ಣುವ ಜಂಗಮ ಬಂದರೆ ಹೋಗು ಅನ್ನುತ್ತಾರೆ, ಉಣ್ಣದ ಲಿಂಗಕ್ಕೆ ಎಡೆ ಹಿಡಿಯುತ್ತಾರೆ. ಮಾತು ಜಂಗಮನದು. ಹಾವು ಬರೀ ಸಾಕ್ಷಿ. ಪ್ರಾಣಿದಯೆಯನ್ನು ಎಲ್ಲೆಂದರಲ್ಲಿ ಹುಡುಕಿ ತೆಗೆಯುವುದು ಇತ್ತೀಚೆಗೆ ಜಾಸ್ತಿಯಾಗಿದೆ.

ಗದಗಿನ ಗಾಳಿ

ಹಳೇ ಹುಬ್ಬಳ್ಳಿಯವರು ಹೇಳಿದ್ದು ಅರ್ಧ ಸರಿ. ಹಾವು ಸಾಕ್ಷಿ ನಿಜ. ಆದರೆ ಜನ ದಿನಾ ಹಾವು ಕೊಲ್ಲುವುದನ್ನು ನೋಡಿ ಹೊಟ್ಟೆ ಉರಿಯದಿದ್ದವನಿಗೆ ಆ ಸಾಕ್ಷಿ ಹೊಳೆಯುತ್ತಿರಲಿಲ್ಲ.

ನಾನು ಹೇಳಬೇಕೆಂದದ್ದು ಬೇರೆ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಬರೆದ ಭಾರತದಲ್ಲಿ ಪಾಂಡುವಿನ ಕಥೆ ಬರುತ್ತದಲ್ಲ. ಕಾಡಿನಲ್ಲಿ ಕೂಡುತ್ತಿದ್ದ ಜಿಂಕೆ ಜೋಡಿಗೆ ಬಾಣ ಬಿಟ್ಟ. ಶಾಪ ತಟ್ಟಿತು. ಇಡೀ ಭಾರತ ಕಥೆಯ ಬುಡದಲ್ಲೇ ಒಂದು ಜಿಂಕೆ ಸತ್ತಿದೆ. ರಾಮಾಯಣದ ಬುಡದಲ್ಲಿ ಕ್ರೌಂಚ ಹಕ್ಕಿ. ಅದೂ ಜೋಡಿಯಲ್ಲಿ ಒಂದು. ವಾಲ್ಮೀಕಿಯ ಬಾಯಿಂದ ಮೊದಲ ಶ್ಲೋಕ ಬಂದದ್ದೇ ಆ ಬೇಡನ ಮೇಲಿನ ಸಿಟ್ಟಿನಿಂದ. ನಮ್ಮ ಎರಡೂ ದೊಡ್ಡ ಕಥೆಗಳಲ್ಲಿ ಯಾರಿಗೂ ತೊಂದರೆ ಕೊಡದ ಒಂದು ಜೀವಿ ಮೊದಲು ಬೀಳುತ್ತದೆ.

ಜನ್ನನ 'ಯಶೋಧರ ಚರಿತೆ'ಯಂತೂ 1209ರದು. ಅಲ್ಲಿ ಕೊಂದದ್ದು ನಿಜವಾದ ಕೋಳಿಯೂ ಅಲ್ಲ, ಹಿಟ್ಟಿನದು. ತಾಯಿಯ ಒತ್ತಾಯಕ್ಕೆ ರಾಜ ಹಿಟ್ಟಿನ ಕೋಳಿ ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ. ಆಮೇಲೆ ತಾಯಿ, ಮಗ ಇಬ್ಬರೂ ಜನ್ಮಜನ್ಮಕ್ಕೆ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಮಗ ನವಿಲಾಗುತ್ತಾನೆ, ಮೀನಾಗುತ್ತಾನೆ, ಆಡಾಗುತ್ತಾನೆ, ಕೊನೆಗೆ ಕೋಳಿಯೇ ಆಗುತ್ತಾನೆ. ಕರುಣೆ ತೋರು ಅಂತ ಜನ್ನ ಬರೀ ಉಪದೇಶ ಮಾಡಿ ಬಿಡುವುದಿಲ್ಲ. ಕತ್ತಿಯ ಕೆಳಗೆ ನಿನ್ನ ಕತ್ತನ್ನೇ ಇಟ್ಟು ನೋಡು ಅನ್ನುತ್ತಾನೆ. ಲಕ್ಕುಂಡಿಯ ಬಸದಿಯ ಮುಂದೆ ಕೂತು ಇದನ್ನು ಓದಬೇಕು. ಓದಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಎರೆಹೊಲ

ಪಾಂಡುರಾಜನಿಗೆ ಶಾಪ ತಟ್ಟಿದ್ದು ಆ ಜಿಂಕೆ ಒಬ್ಬ ಋಷಿ ಇದ್ದದ್ದಕ್ಕೆ. ಬರೀ ಚಿಗರಿ ಆಗಿದ್ದರೆ? ಮನೆಗೆ ಹೊತ್ತು ತಂದು ಸಾರು ಮಾಡುತ್ತಿದ್ದರು.

ಗದಗಿನ ಗಾಳಿ

ಈ ಮಾತಿಗೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕರೆ ಬರೆಯುತ್ತೇನೆ 😄

ನಿವೃತ್ತ ಮಾಸ್ತರ

ಹಳೇ ಹುಬ್ಬಳ್ಳಿಯವರಿಗೆ ನಾನು ಒಂದು ವಚನ ಮುಂದಿಡುತ್ತೇನೆ. ಅದೂ ಬಸವಣ್ಣನದೇ. 'ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು.' ಕಡಿಯಲು ತಂದ ಕುರಿ. ಅದರ ಸಾವಿನ ಅಲಂಕಾರಕ್ಕೆ ಕಟ್ಟಿದ ಮಾವಿನೆಲೆಯನ್ನೇ ತಿನ್ನುತ್ತಿದೆ. 'ಕೊಂದಹರೆಂಬುದನರಿಯದೆ.' ಇಲ್ಲಿ ಕುರಿ ಸಾಕ್ಷಿ ಹೇಳಲು ಬಂದಿಲ್ಲ, ಹಸಿವಾಗಿ ಬಂದಿದೆ. ಕುರಿ ಕಾಡುಪ್ರಾಣಿಯಲ್ಲ, ಒಪ್ಪಿದೆ. ಆದರೆ ಮಾಳಮಡ್ಡಿಯವರು ಕೇಳಿದ ಕಣ್ಣು ಇದೇ.

ಇದನ್ನು ಓದುವಾಗೆಲ್ಲ ನನಗೆ ಬರ್ನ್ಸನ ಕೊನೆಯ ಪದ್ಯ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಇಲಿಗೆ ಅವನು ಹೇಳುತ್ತಾನೆ: ನೀನೇ ಪುಣ್ಯವಂತ, ನಿನ್ನನ್ನು ಮುಟ್ಟುವುದು ಈ ಗಳಿಗೆ ಮಾತ್ರ. ನಾನು ಹಿಂದೆ ನೋಡಿದರೆ ದುಃಖ, ಮುಂದೆ ಏನೂ ಕಾಣದಿದ್ದರೂ ಭಯ. ಇಬ್ಬರೂ ಒಂದೇ ಕಡೆ ಬೆರಳಿಟ್ಟರು, ಪ್ರಾಣಿಗೆ ನಾಳೆ ಗೊತ್ತಿಲ್ಲ ಅನ್ನುವ ಕಡೆ. ಬರ್ನ್ಸ್ ಅಲ್ಲಿಂದ ತನ್ನ ಕಡೆ ತಿರುಗಿದ. ಬಸವಣ್ಣ ಕೊಂದವರ ಕಡೆ ತಿರುಗಿದರು, 'ಕೊಂದವರುಳಿದರೇ' ಅಂತ ಕೇಳಿದರು. ನನಗೆ ಬಸವಣ್ಣನ ತಿರುವು ಹೆಚ್ಚು ಇಷ್ಟ. ಬರ್ನ್ಸ್ ಕೊನೆಯಲ್ಲಿ ಇಲಿಯನ್ನು ಬಯಲಲ್ಲಿ ಬಿಟ್ಟು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ.

ಮಾಳಮಡ್ಡಿ ಓದುಗ

ಮಾಸ್ತರ್ ಸರ್, ಇದನ್ನೇ ಗುಂಪಿನಲ್ಲಿ ಓದೋಣ. ಹರಕೆಯ ಕುರಿ ಮತ್ತು ಇಲಿ, ಅಕ್ಕಪಕ್ಕ.

ಎರೆಹೊಲ

ಚರಗವನ್ನೂ ಸೇರಿಸಿ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಊಟದ ಮೊದಲು ಚರಗ ಚೆಲ್ಲುತ್ತೇವೆ. ಕೂಗುವ ಮಾತು ಊರೂರಿಗೆ ಬೇರೆ. ಕಡುಬು, ರೊಟ್ಟಿ, ಪಲ್ಯ, ಅನ್ನ ಎಲ್ಲ ಕಲಸಿ ಹೊಲದ ನಾಲ್ಕೂ ಕಡೆ ಎರಚುವುದು. ಭೂಮಿತಾಯಿಗೆ ಅಂತ ಹೇಳುತ್ತೇವೆ. ತಿನ್ನುವುದು ಯಾರು? ಇರುವೆ, ಗೊರವಂಕ, ಕಾಗೆ, ಇಲಿ. ಆಮೇಲೆ ಜೋಳ ಹಾಲುಗಾಳು ಕಟ್ಟಿದಾಗ ಅದೇ ಹಕ್ಕಿಗಳಿಗೆ ಅಟ್ಟದ ಮೇಲೆ ನಿಂತು ಕವಣೆ ಬೀಸುವುದೂ ನಾವೇ. ಎರಡನ್ನೂ ಒಂದೇ ಕೈ ಮಾಡುತ್ತದೆ. ನಿಮ್ಮ ಕವಿತೆಯಲ್ಲಿ ಚರಗ ಚೆಲ್ಲುವವನು ಬರುತ್ತಾನೆ, ಕವಣೆ ಬೀಸುವವನು ಬರುವುದಿಲ್ಲ. ಇಬ್ಬರೂ ಬರಲಿ.

ರಾಣೆಬೆನ್ನೂರು ಹುಡುಗಿ

ಅಣ್ಣಾ, ನೀವು ಟಿಟ್ಟಿಭದ ಬಗ್ಗೆ ಬರೆದದ್ದು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಪ್ಪನೂ ಹಾಗೇ ಮಾಡಿದ್ದರು. ಒಂದು ಪದ್ಯ ಬರೆದಿದ್ದೇನೆ. ನಮ್ಮ ಮಾತಿನಲ್ಲೇ ಬರೆದೆ, ಪುಸ್ತಕದ ಕನ್ನಡ ಕೂಡಿಬರಲಿಲ್ಲ. ಮುಲಾಜಿಲ್ಲದೆ ಹೇಳಿ.

ಹೆಸರ ಹೊಲದಾಗ ಎಡಿ ಹೊಡಿಯೂವಾಗ
ನಾಕು ತತ್ತಿ, ಹೆಂಟಿ ಬಣ್ಣದ್ದು,
ಹೆಂಟಿ ನಡುವ.
ಮ್ಯಾಲ ಹಕ್ಕಿ ಒಂದ ಸವನ ಬೈತೈತಿ.
ಎತ್ತು ನಿಂತ್ವು.
ಅಪ್ಪ ಕುಂಟಿ ಎತ್ತಿ ಆ ಕಡೆ ಇಟ್ಟ,
ಎರಡು ಮೊಳ ಕಸ ಬಿಟ್ಟ.
ಹಕ್ಕಿ ಇನ್ನೂ ಬೈತೈತಿ.
ಹೆತ್ತ ಕರುಳು ಎಲ್ಲಾರಿಗೂ ಒಂದ
ಮರೀಬ್ಯಾಡೋ ಮನಜಾ.

ಕಲಘಟಗಿ ಅಕ್ಕ

ಭೇಷ್ ಮಗಳೇ! ಬೈತೈತಿ ಅಂದದ್ದು ಎಷ್ಟು ಚೆಂದ. ಹಕ್ಕಿಗೆ ಇವನು ಒಳ್ಳೆಯವನು ಅಂತ ಹೇಗೆ ಗೊತ್ತಾಗಬೇಕು?

ನಿವೃತ್ತ ಮಾಸ್ತರ

ಕೊನೆಯ ಎರಡು ಸಾಲು ತೆಗೆದುಬಿಡಮ್ಮ. 'ಹಕ್ಕಿ ಇನ್ನೂ ಬೈತೈತಿ' ಅಲ್ಲಿಗೆ ನಿಲ್ಲಿಸು. ಮೇಲಿನ ಎಂಟು ಸಾಲು ಹೊಲದಲ್ಲಿವೆ, ಕೊನೆಯ ಎರಡು ಭಾಷಣದ ವೇದಿಕೆಯಲ್ಲಿವೆ.

ಜಾನ್ ಕ್ಲೇರ್ ಅಂತ ಒಬ್ಬ ಕವಿ ಇದ್ದ, 1793ರಿಂದ 1864. ಹೊಲದ ಕೂಲಿ ಮಾಡುತ್ತಿದ್ದವನು. ಅವನದೂ ಒಂದು ಇಲಿಗೂಡಿನ ಪದ್ಯ ಇದೆ. ಹುಲ್ಲಿನ ಉಂಡೆ ಕಂಡಿತು, ತಿವಿದು ಮುಂದೆ ಹೋದ. ಏನೋ ಅಲುಗಿದಂತಾಯಿತು, ಹಕ್ಕಿ ಸಿಕ್ಕೀತು ಅಂತ ತಿರುಗಿ ಬಂದ. ಮೊಲೆಗೆ ಜೋತುಬಿದ್ದ ಮರಿಗಳ ಸಮೇತ ತಾಯಿ ಇಲಿ ಹೊರಗೆ ಓಡಿತು. ನೋಡಲು ವಿಕಾರವಾಗಿತ್ತು ಅಂತಲೇ ಬರೆಯುತ್ತಾನೆ, ಮುಚ್ಚಿಡುವುದಿಲ್ಲ. ಮರಿಗಳು ಕೀಚಲಿಟ್ಟವು. ಅವನು ಆಚೆ ಹೋದ ಮೇಲೆ ತಾಯಿ ಮತ್ತೆ ಗೂಡಿಗೆ ಬಂತು. ಆಮೇಲೆ ಸಣ್ಣ ನೀರು ಕಲ್ಲಿನ ಮೇಲೆ ಹರಿಯುವುದು, ಹಳೆಯ ಕೊಳಚೆ ಗುಂಡಿ ಬಿಸಿಲಿಗೆ ಮಿನುಗುವುದು. ಮುಗಿಯಿತು. ಇಲಿ ಪಾಪ ಅಂತಲೂ ಇಲ್ಲ, ಮನುಷ್ಯ ಕ್ರೂರಿ ಅಂತಲೂ ಇಲ್ಲ. ಎರೆಹೊಲದವರು ಹೇಳಿದ ಹಾಗೆ ಅವನು ಕೂತ ಜಾಗ ಎತ್ತರದ್ದಲ್ಲ.

ರಾಣೆಬೆನ್ನೂರು ಹುಡುಗಿ

ತೆಗೆಯುತ್ತೇನೆ ಸರ್. ಆ ಎರಡು ಸಾಲು ಇದ್ದರೆ ಬಹುಮಾನ ಸಿಗುತ್ತದೆ ಅಂತ ಗೆಳತಿ ಹೇಳಿದ್ದಳು.

ಹಳೇ ಹುಬ್ಬಳ್ಳಿ

ಗೆಳತಿ ಹೇಳಿದ್ದೂ ಸುಳ್ಳಲ್ಲ.

ಉಣಕಲ್ ಉರಗ

ತಂಗಿ, ಕೇರೆ ಹಾವಿಗೂ ಒಂದು ಬರೆದುಕೊಡು. ಕತ್ತು ಉಬ್ಬಿಸಿ ಗುರ್ ಅನ್ನುವುದು ಬರಲೇಬೇಕು. ವಿಡಿಯೋ ಇದೆ, ಕಳಿಸುತ್ತೇನೆ.

ಎರೆಹೊಲ

ಪದ್ಯ ಚೆನ್ನಾಗಿದೆ ತಂಗಿ. ಆದರೆ ಎರಡು ಮೊಳ ಕಸ ಯಾವ ಅಪ್ಪನೂ ಬಿಡುವುದಿಲ್ಲ. ಆ ತತ್ತಿಗಳಿಗೆ ಸುತ್ತ ಒಂದು ಗೇಣು ಸಾಕು. ಅದನ್ನು ತಿದ್ದು.

ರಾಣೆಬೆನ್ನೂರು ಹುಡುಗಿ

ತಿದ್ದುವುದಿಲ್ಲ ಅಣ್ಣಾ. ನಮ್ಮ ಅಪ್ಪ ಬಿಟ್ಟದ್ದು ಎರಡು ಮೊಳವೇ. ಬೇಕಾದರೆ ಅವ್ವನನ್ನು ಕೇಳಿ. ಮರಿ ಹೋದ ಮೇಲೆ ಅಪ್ಪನಿಗೆ ಬೈದುಕೊಂಡು ಆ ಕಸ ಕಿತ್ತವಳು ಅವಳೇ.